ಭಿತ್ತಿಯ ಮೇಲಣ ಒಡ್ಡೋಲಗ

ತುಮಕೂರಿನಿಂದ ಸಿರಾ ಪಟ್ಟಣಕ್ಕೆ ಹೋಗುವ ಹೆದ್ದಾರಿಯಲ್ಲಿ ಸುಮಾರು ಹದಿನೈದು ಮೈಲಿಗಳ ದೂರದಲ್ಲಿ ಸೀಬಿ ಎಂಬ ನರಸಿಂಹಕ್ಷೇತ್ರವಿರುವುದು. ಎತ್ತುಗಳ ಮೇಲೆ ಧಾನ್ಯವನ್ನು ಹೇರಿಕೊಂಡು ಹೋಗುತ್ತಿದ್ದ ವರ್ತಕನೊಬ್ಬನು ಅಲ್ಲಿ ತಂಗಿ, ಬಂಡೆಯೊಂದರ ಮೇಲೆ ಪಾತ್ರೆಯನ್ನಿಟ್ಟು ಬೇಯಿಸಲು, ಒಳಗಿನ ಧಾನ್ಯವು ರಕ್ತವರ್ಣವಾಯಿತೆಂದೂ, ವರ್ತಕನೂ ಎತ್ತುಗಳೂ ಮೂರ್ಛಿತರಾದರೆಂದೂ, ಸ್ವಾಮಿಯು ಸ್ವಪ್ನದಲ್ಲಿ ಕಾಣಿಸಿಕೊಂಡು ಆ ಬಂಡೆಯೇ ತನ್ನ ನೆಲೆಯೆಂದು ತಿಳಿಸಿದನೆಂದೂ ಸ್ಥಳಪುರಾಣವು ಹೇಳುತ್ತದೆ. ಆ ವರ್ತಕನು ಕಟ್ಟಿಸಿದುದು ಸಣ್ಣ ಗುಡಿ. ಈಗ ಕಾಣುವ ವಿಶಾಲವಾದ ದೇವಸ್ಥಾನವು ಲಕ್ಷ್ಮೀನರಸಪ್ಪ, ಪುಟ್ಟಣ್ಣ, ನಲ್ಲಪ್ಪ ಎಂಬ ಮೂವರು ಶ್ರೀಮಂತ ಸೋದರರು ಹತ್ತು ವರ್ಷ ದುಡಿಸಿ ಎಬ್ಬಿಸಿದುದು. ಅವರು ಟಿಪ್ಪೂ ಸುಲ್ತಾನನ ಸರ್ಕಾರದಲ್ಲಿ ದೊಡ್ಡ ಅಧಿಕಾರದಲ್ಲಿದ್ದ ಕಚೇರಿ ಕೃಷ್ಣಪ್ಪನ ಮಕ್ಕಳು.

ಯಾತ್ರಿಕರು ಒಳಗೆ ಹೋಗುವರು, ಮಂಗಳಾರತಿ ತೆಗೆದುಕೊಳ್ಳುವರು, ಹೊರಗೆ ಬರುವರು. ಮುಖಮಂಟಪದಲ್ಲಿ ನಿಂತು ತಲೆಯೆತ್ತಿ ನೋಡುವವರು ಬಹಳ ಮಂದಿಯಿಲ್ಲ. ಆದರೆ ಆ ಮಂಟಪದ ಭುವನೇಶ್ವರಿಗಳಲ್ಲಿ ಬಣ್ಣದ ಚಿತ್ರಗಳಿರುವುವು. ಪುರಾಣದ ಕಥೆಗಳು ಅಲ್ಲಿರುವುದರಲ್ಲಿ ಆಶ್ಚರ್ಯವೇನೂ ಇಲ್ಲ. ಆಶ್ಚರ್ಯವಿರುವುದು ಅವುಗಳ ನೆರೆಯಲ್ಲಿ ಬರೆದಿರುವ ರಾಜಸಭೆಗಳಲ್ಲಿ. ಮುಮ್ಮಡಿ ಕೃಷ್ಣರಾಜ ಒಡೆಯರವರ ಒಡ್ಡೋಲಗವೂ ಅಲ್ಲಿದೆ, ಹೈದರಾಲಿಯ ಒಡ್ಡೋಲಗವೂ ಅಲ್ಲಿದೆ.

ಒಡ್ಡೋಲಗವೆಂದರೆ ಬರಿಯ ರಾಜಕಾರ್ಯವೆಂದು ಈ ಕಾಲದವರು ಭಾವಿಸುವುದು ಸಹಜ. ಹಿಂದಿನವರಿಗೆ ರಾಜಕಾರ್ಯವೂ ವಿನೋದವೂ ಒಂದೇ ಜಮಖಾನದ ಮೇಲೆ ನಡೆಯುತ್ತಿದ್ದವು. ಕಾಣಿಕೆ ಒಪ್ಪಿಸುವುದು, ಖಿಲ್ಲತ್ತು ಪಡೆಯುವುದು, ಅರಿಕೆ ಮಾಡಿಕೊಳ್ಳುವುದು ಇವು ಮುಗಿದ ಮೇಲೆ ಪನ್ನೀರು, ಅತ್ತರು, ಹೂವಿನ ಹಾರ, ತಾಂಬೂಲ. ಅನಂತರ ಸಂಗೀತ, ನರ್ತನ. ದೊಡ್ಡ ಮನುಷ್ಯರು ಒಬ್ಬರನ್ನೊಬ್ಬರು ನೋಡುವುದಕ್ಕೂ, ಒಬ್ಬರ ಕಣ್ಣಿಗೆ ಒಬ್ಬರು ಬೀಳುವುದಕ್ಕೂ ಇದ್ದ ಸಮಾರಂಭವೇ ಅದು. ‘ಕಚೇರಿ’ ಎಂಬ ಒಂದು ಶಬ್ದವೇ ಇದಕ್ಕೆ ಸಾಕ್ಷಿ. ಕಂದಾಯದ ಲೆಕ್ಕ ನಡೆಯುವ ಸ್ಥಳವೂ ಕಚೇರಿ, ವಿದ್ವಾಂಸರು ಹಾಡುವುದೂ ಕಚೇರಿ. ಸೀಬಿಯ ಸೋದರರ ತಂದೆಯ ಹೆಸರಿಗೆ ಅಂಟಿಕೊಂಡ ಕಚೇರಿಯು ಮೊದಲನೆಯ ಬಗೆಯದು. ಮಕ್ಕಳು ದೇವಸ್ಥಾನದ ಮೇಲ್ಮುಚ್ಚಿಗೆಯಲ್ಲಿ ಬರೆಯಿಸಿದುದು ಎರಡನ್ನೂ ಒಳಕೊಂಡ ಬಗೆಯದು.

ಇಂತಹ ವಿನೋದಸಭೆಯನ್ನು ದೇವರ ಮನೆಯಲ್ಲಿ ಬರೆಯಿಸುವುದು ಶಾಸ್ತ್ರಸಮ್ಮತವೇ ಎಂದು ಕೇಳುವವರುಂಟು. ವಿಷ್ಣುಧರ್ಮೋತ್ತರ ಪುರಾಣದ ಚಿತ್ರಸೂತ್ರವು ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಗೃಹಸ್ಥರ ಮನೆಗಳಲ್ಲಿ ಶೃಂಗಾರ, ಹಾಸ್ಯ, ಶಾಂತ ಎಂಬ ಮೂರು ರಸಗಳ ಚಿತ್ರಗಳನ್ನು ಮಾತ್ರ ಬರೆಯಿಸಬೇಕು. ರಾಜಸಭೆಯಲ್ಲಿಯೂ ದೇವಾಲಯದಲ್ಲಿಯೂ ಎಲ್ಲ ರಸಗಳೂ ಸಲ್ಲುವುವು. ಯುದ್ಧ, ಸ್ಮಶಾನ, ಬೀಭತ್ಸ ಇವು ಊಟದ ಮನೆಯ ಗೋಡೆಗೆ ತಕ್ಕವಲ್ಲವೆಂದು ಹೇಳಿದ ಆ ಗ್ರಂಥಕಾರನ ವಿವೇಕವನ್ನು ಮೆಚ್ಚಬೇಕು. ಚಾಳುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕನ್ನಡಿಯಲ್ಲಿ ಕಂಡಂತೆ ಸಾದೃಶ್ಯವುಳ್ಳ ಚಿತ್ರವನ್ನು ‘ವಿದ್ಧ’ವೆಂದೂ, ಕಲ್ಪನೆಯಿಂದ ಬರೆದುದನ್ನು ‘ಅವಿದ್ಧ’ವೆಂದೂ ವಿಭಾಗಿಸುತ್ತದೆ. ದರ್ಬಾರಿನ ಚಿತ್ರವು ಇವೆರಡರ ನಡುವಣ ವಸ್ತು. ಮುಖ್ಯಪುರುಷರ ಮುಖಕ್ಕೆ ಕನ್ನಡಿ ಬೇಕು. ಮಿಕ್ಕವರ ಸಾಲಿಗೆ ರೂಢಿಯೇ ಸಾಕು.

ಆ ರೂಢಿಯೇನೆಂಬುದನ್ನು ತಿಳಿದರೆ ಇಂತಹ ಚಿತ್ರಗಳನ್ನು ಓದುವುದು ಸುಲಭ. ಮೈಸೂರು ಸೀಮೆಯ ಚಿತ್ರಗಾರರ ಸಂಪ್ರದಾಯದಲ್ಲಿ ಸಭೆಯ ಒಡೆಯನು ಲೋಡಿಗೆ ಒರಗಿ ಅಥವಾ ಸಿಂಹಾಸನದ ಮೇಲೆ ಕುಳಿತಿರುವನು. ಅವನ ಆಕೃತಿ ಮಿಕ್ಕವರದಕ್ಕಿಂತ ದೊಡ್ಡದು. ಹಿಂದೆ ಚಾಮರದವರು; ಮುಂದೆ ಸಾಲುಸಾಲಾಗಿ ಕುಳಿತ ಅಥವಾ ನಿಂತ ಅಧಿಕಾರಿಗಳು. ದೂರವೆಂಬುದನ್ನು ಚಿತ್ರಗಾರನು ಲೆಕ್ಕಿಸುವುದಿಲ್ಲ, ಸ್ಥಾನವೆಂಬುದನ್ನು ಲೆಕ್ಕಿಸುತ್ತಾನೆ. ಹತ್ತಿರವಿರುವವನು ದೊಡ್ಡವನೆಂದಲ್ಲ, ದೊಡ್ಡವನು ಹತ್ತಿರವಿರುವನೆಂದು. ಮುಖಗಳು ಬಹುಮಟ್ಟಿಗೆ ಪಾರ್ಶ್ವಮುಖಗಳು, ಒಂದೇ ಅಚ್ಚಿನಲ್ಲಿ ತೆಗೆದಂತಿರುವುವು. ಪೇಟದ ಸುತ್ತು, ನಾಮ ವಿಭೂತಿಗಳು, ಗಡ್ಡ ಮೀಸೆಗಳು ಇವುಗಳಿಂದ ಆಯಾ ಜನರ ಮತ ಪದವಿಗಳು ತಿಳಿಯುವುವು. ಈ ನಿಶ್ಚಲವಾದ ಸಾಲುಗಳ ನಡುವೆ ಚಲನೆಯುಳ್ಳ ವ್ಯಕ್ತಿಗಳು ನರ್ತಕಿಯರು ಮಾತ್ರ. ಬಾಗಿದ ಮೊಣಕಾಲು, ಚಾಚಿದ ಕೈ, ಹರಡಿದ ಸೆರಗು, ಹಿಂದೆ ಮದ್ದಳೆಯವನು, ಶ್ರುತಿಯವನು. ಸಭೆಗೆ ಜೀವ ಬರುವುದು ಅಲ್ಲಿಯೇ. ಚಿತ್ರಗಾರನ ಕೈ ಕಟ್ಟು ಬಿಚ್ಚಿಕೊಳ್ಳುವುದೂ ಅಲ್ಲಿಯೇ.

ಸೀಬಿಯ ವಿಷಯದಲ್ಲಿ ವಿಚಾರ ಮಾಡತಕ್ಕ ಅಂಶವು ಚಿತ್ರಕಲೆಗಿಂತ ರಾಜಕೀಯಕ್ಕೆ ಹೆಚ್ಚು ಸೇರಿದುದು. ಹೈದರಾಲಿಯು 1761ರಲ್ಲಿ ರಾಜ್ಯದ ಅಧಿಕಾರವನ್ನು ತನ್ನ ಕೈಗೆ ತೆಗೆದುಕೊಂಡು 1782ರಲ್ಲಿ ಮೃತನಾದನು. ಟಿಪ್ಪುವು 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಯಲ್ಲಿ ಮಡಿದನು. ಆ ವರ್ಷವೇ ಜೂನ್ ತಿಂಗಳಿನಲ್ಲಿ ಐದು ವರ್ಷದ ಬಾಲಕರಾದ ಮುಮ್ಮಡಿ ಕೃಷ್ಣರಾಜ ಒಡೆಯರವರಿಗೆ ಪಟ್ಟವಾಯಿತು. ಅಂದಿನಿಂದ ಕುಂಪಣಿಯವರ ಬರಹಗಳಲ್ಲೆಲ್ಲ ಹೈದರಾಲಿಗೆ ದೊರೆತ ಹೆಸರು ರಾಜ್ಯಾಪಹಾರಿಯೆಂಬುದು. ನಿಜವಾದ ಒಡೆಯರಿಗೆ ರಾಜ್ಯವು ಮರಳಿ ಬಂದಿತೆಂಬ ಹರ್ಷವು ಪ್ರಜೆಗಳಲ್ಲಿಯೂ ಇದ್ದಿತು. ಇಂತಹ ಕಾಲದಲ್ಲಿ ಹಿಂದಿನ ಒಡೆಯನ ಉಪ್ಪುಂಡವರು ಏನು ಮಾಡಬೇಕು? ಅನೇಕರು ಸುಮ್ಮನಾದರು. ದಿವಾನ್ ಪೂರ್ಣಯ್ಯನವರು ಹೈದರ್, ಟಿಪ್ಪು ಇಬ್ಬರಲ್ಲಿಯೂ ಸೇವೆಮಾಡಿ, ಮೂರನೆಯದಾಗಿ ಅರಮನೆಯ ಸೇವೆಯನ್ನೂ 1811ರವರೆಗೆ ನಡೆಸಿದರು. ಅವರ ನಿಷ್ಠೆ ಯಾರಿಗೆ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಕಚೇರಿ ಕೃಷ್ಣಪ್ಪನ ಮಕ್ಕಳು ಆ ಚರ್ಚೆಗೆ ತಮ್ಮ ಉತ್ತರವನ್ನು ಬಣ್ಣದಲ್ಲಿ ಬರೆಯಿಸಿದರು. ಹೊಸ ದೊರೆಯ ಸಭೆಯನ್ನು ಬರೆಯಿಸಿದರು. ಹಳೆಯ ದೊರೆಯ ಸಭೆಯನ್ನು ಬಿಡಲಿಲ್ಲ.

ಈ ಮನೆತನಕ್ಕೆ ಹಿಂದಿನದನ್ನು ದಾಖಲೆಮಾಡುವ ಅಭ್ಯಾಸವಿದ್ದಿತೆಂಬುದಕ್ಕೆ ಬೇರೊಂದು ಕುರುಹೂ ಉಂಟು. ಹೈದರಾಲಿಯು ತೀರಿಕೊಂಡು ಎರಡೇ ವರ್ಷವಾದಾಗ, ಎಂದರೆ 1784ರಲ್ಲಿ, ಕನ್ನಡ ಗದ್ಯದಲ್ಲಿ ರಚಿತವಾದ ‘ಹೈದರ್ ನಾಮಾ’ ಎಂಬ ಚರಿತ್ರೆಯೊಂದಿಗೆ ನಲ್ಲಪ್ಪನ ಹೆಸರು ಸೇರಿಬರುತ್ತದೆ. ಅದರ ಕರ್ತೃವು ಅವನೇ ಎಂದು ಹೇಳುವ ವಿದ್ವಾಂಸರಿದ್ದಾರೆ. ಹಾಗಿದ್ದರೆ ಒಂದೇ ಮನೆಯವರು ಹೈದರನನ್ನು ಒಮ್ಮೆ ಮಸಿಯಿಂದಲೂ ಒಮ್ಮೆ ಬಣ್ಣದಿಂದಲೂ ಬರೆದಂತಾಯಿತು. ಕಾಗದವನ್ನು ಪೆಟ್ಟಿಗೆಯಲ್ಲಿ ಮುಚ್ಚಿಡಬಹುದು. ದೇವಸ್ಥಾನದ ಮುಖಮಂಟಪವನ್ನು ಮುಚ್ಚಿಡುವಂತಿಲ್ಲ. ದಾರಿಹೋಕರೂ ಸರ್ಕಾರದ ಅಮಲ್ದಾರರೂ ದಂಡಿನವರೂ ಬಂದುಹೋಗುವ ಸಿರಾ ರಸ್ತೆಯ ಪಕ್ಕದಲ್ಲಿ, ಎಲ್ಲರ ತಲೆಯ ಮೇಲೆ, ಅದು ತೆರೆದೇ ಇದ್ದಿತು.

ಇದರ ಬೆಲೆ ತಿಳಿಯಬೇಕಾದರೆ ಶ್ರೀರಂಗಪಟ್ಟಣದ ದರಿಯಾ ದೌಲತ್ತಿನ ಗೋಡೆಗಳ ಪಾಡನ್ನು ನೋಡಬೇಕು. 1784ರಲ್ಲಿ ಟಿಪ್ಪುವು ಕಟ್ಟಿಸಿದ ಆ ತೋಟದ ಅರಮನೆಯ ಪಶ್ಚಿಮದ ಗೋಡೆಯ ಮೇಲೆ 1780ರ ಸೆಪ್ಟೆಂಬರ್ 10ರ ಪೊಳ್ಳಿಲೂರು ಕದನದ ಚಿತ್ರವಿದೆ. ಸೋತ ಕರ್ನಲ್ ಬೇಯ್ಲಿಯು ಪಲ್ಲಕ್ಕಿಯಲ್ಲಿ ಕುಳಿತು ಬೆರಳು ಕಚ್ಚಿಕೊಳ್ಳುತ್ತಿರುವನು. ಪೂರ್ವದ ಗೋಡೆಯಲ್ಲಿ ಯುದ್ಧವಿಲ್ಲ, ಸಭೆಗಳಿರುವುವು. ಒಂದರ ಮೇಲೊಂದು ಅಂತಸ್ತುಗಳಾಗಿ ಬರೆದ ಚೌಕಗಳಲ್ಲಿ ತಂಜಾವೂರಿನ ರಾಜ, ಕಾಶಿಯ ರಾಜ, ಪೇಷ್ವೆ ಬಾಲಾಜಿರಾಯ, ಚಿತ್ತೂರಿನ ರಾಣಿ, ಚಿತ್ರದುರ್ಗದ ಮದಕರಿನಾಯಕ, ಮಾಗಡಿಯ ಕೆಂಪೇಗೌಡ ಮುಂತಾದವರು ತಂತಮ್ಮ ಪರಿವಾರದೊಡನೆ ಕುಳಿತಿರುವರು. ಬದುಕಿದ್ದಾಗ ಒಬ್ಬರ ಕೋಟೆಗೆ ಒಬ್ಬರು ಮುತ್ತಿಗೆ ಹಾಕುವ ಪೈಕಿಯವರು ಗೋಡೆಯ ಮೇಲೆ ನೆರೆಮನೆಯವರಾಗಿದ್ದಾರೆ!

ಆದರೆ ಆ ಗೋಡೆಗಳನ್ನು ಬಂದ ಬಂದ ಒಡೆಯರು ತಿದ್ದಿದರು. ಕದನದ ಚಿತ್ರವು ಕೋಟೆಯ ಮುತ್ತಿಗೆಗೆ ಮುಂಚೆಯೇ ಅಳಿಸಲ್ಪಟ್ಟಿತೆಂದೂ, ಕೋಟೆ ಬಿದ್ದ ಮೇಲೆ ಆ ಅರಮನೆಯಲ್ಲಿ ವಾಸವಾಗಿದ್ದ ಕರ್ನಲ್ ವೆಲ್ಲೆಸ್ಲಿಯು ಅದನ್ನು ಸರಿಪಡಿಸಿದನೆಂದೂ, ಮತ್ತೆ ಅದು ಸುಣ್ಣದ ಕೆಳಗೆ ಹೋಯಿತೆಂದೂ, 1850ರ ದಶಕದಲ್ಲಿ ಲಾರ್ಡ್ ಡಾಲ್‌ಹೌಸಿಯು ಮೂಲವನ್ನು ಕಂಡು ನೆನಪಿನಲ್ಲಿಟ್ಟುಕೊಂಡಿದ್ದ ದೇಶೀಯ ಚಿತ್ರಗಾರನೊಬ್ಬನಿಂದ ಅದನ್ನು ತಿರುಗಿ ಬರೆಯಿಸಿದನೆಂದೂ ಹೇಳುವರು. ಪೂರ್ವದ ಗೋಡೆಯ ರಾಜರ ಪಂಕ್ತಿಯಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರವರೂ ಇರುವರು. ಟಿಪ್ಪುವಿನ ಮನೆಯಲ್ಲಿ ಟಿಪ್ಪುವಿನ ಕಾಲದಲ್ಲಿ ಅವರನ್ನು ಬರೆಯುವ ಸಂಭವವೇ ಇಲ್ಲ. ಅವರು ಹುಟ್ಟಿದುದೇ 1794ರಲ್ಲಿ. ಆದಕಾರಣ ಇಂದು ಅಲ್ಲಿ ಕಾಣುವುದು ಟಿಪ್ಪು ಕಂಡ ಸಭೆಯಲ್ಲ. ಹಲವು ಕೈಗಳು ಹಲವು ಕಾಲಗಳಲ್ಲಿ ಅತಿಥಿಗಳನ್ನು ಸೇರಿಸಿದ ಸಭೆ. ಸೀಬಿಯಲ್ಲಿ ಹಳೆಯ ದೊರೆಯೂ ಹೊಸ ದೊರೆಯೂ ಒಂದೇ ಮನೆತನದ ಬಯಕೆಯಿಂದ ಒಂದೇ ಮಂಟಪವನ್ನು ಸೇರಿದರು. ಒಂದೆಡೆ ತಿದ್ದುಪಡಿ, ಒಂದೆಡೆ ಒಪ್ಪಿಗೆ.

ಮುಮ್ಮಡಿಯವರ ಸ್ವಂತ ಒಡ್ಡೋಲಗಗಳ ಕಥೆಯು ಇದಕ್ಕಿಂತಲೂ ವಿಚಿತ್ರ. 1811ರಲ್ಲಿ ಅಧಿಕಾರವನ್ನು ವಹಿಸಿಕೊಂಡ ದೊರೆಗಳು ವಿದ್ವಾಂಸರಿಗೂ ಗಾಯಕರಿಗೂ ಚಿತ್ರಗಾರರಿಗೂ ಉದಾರವಾಗಿ ನೀಡಿದರು. ಸುಂದರಯ್ಯ, ತಂಜಾವೂರು ಕೊಂಡಯ್ಯ, ಅಳಸಿಂಗರಯ್ಯ ಎಂಬ ಚಿತ್ರಗಾರರ ಹೆಸರುಗಳು ಆ ಆಸ್ಥಾನದಿಂದಲೇ ತಿಳಿದುಬಂದಿರುವುವು. ನಗರದ ಸೀಮೆಯಲ್ಲಿ 1830ರಲ್ಲಿ ರೈತರ ದಂಗೆಯೆದ್ದು, ಮರುವರ್ಷ ಗವರ್ನರ್ ಜನರಲ್ ಬೆಂಟಿಂಕನು ರಾಜ್ಯದ ಆಡಳಿತವನ್ನು ಕಿತ್ತುಕೊಂಡಾಗ, ಹೊರಿಸಿದ ದೋಷಗಳಲ್ಲಿ ದುಂದುವೆಚ್ಚವು ಮುಖ್ಯವಾದುದು. ಎಂದರೆ, ಚಿತ್ರಗಾರರು ವೈಭವವೆಂದು ಬರೆದುದನ್ನೇ ಕಲ್ಕತ್ತೆಯವರು ಅಪರಾಧವೆಂದು ಬರೆದರು. ಒಂದೇ ನರ್ತನ, ಒಂದೇ ತಾಂಬೂಲ, ಒಂದೇ ಹಾರ. ಭಿತ್ತಿಯ ಮೇಲೆ ಜಮೆ, ದಫ್ತರದಲ್ಲಿ ಖರ್ಚು. ರೈತರ ಕಷ್ಟವು ಸುಳ್ಳಲ್ಲ. ಆ ಕಷ್ಟವನ್ನು ಯಾವ ಭಿತ್ತಿಯ ಮೇಲೆಯೂ ಯಾರೂ ಬರೆಯಿಸಲಿಲ್ಲವೆಂಬುದನ್ನು ಈ ಚಿತ್ರಗಳನ್ನು ಕೊಂಡಾಡುವವರು ನೆನೆಯದಿರುವುದು ನ್ಯಾಯವಲ್ಲ.

ರಾಜ್ಯ ಹೋದರೂ ಸಭೆಯು ನಿಲ್ಲಲಿಲ್ಲ. ಮೈಸೂರಿನ ಜಗನ್ಮೋಹನ ಅರಮನೆಯು 1861ರಲ್ಲಿ ಕಟ್ಟಲ್ಪಟ್ಟಿತು. ಆಡಳಿತವು ಕೈಬಿಟ್ಟು ಆಗ್ಗೆ ಮೂವತ್ತು ವರ್ಷಗಳಾಗಿದ್ದವು. ಅದರ ಮೇಲಂತಸ್ತಿನ ರಂಗಮಹಲಿನ ಗೋಡೆಗಳಲ್ಲಿ ದಸರೆಯ ಮೆರವಣಿಗೆ, ಪರಿವಾರ, ವಿನೋದ ಇವೆಲ್ಲವೂ ನೆರೆದಿರುವುವು. ಮೈಸೂರು ಅರಸುಗಳ ವಂಶವನ್ನು ಕಮಲದ ಎಸಳುಗಳಲ್ಲಿ ಕೂರಿಸಿದ ಸಂತಾನಾಂಬುಜವೂ ಆ ಅರಮನೆಯಲ್ಲಿಯೇ ಇದೆ. ಆಳುವ ದೊರೆಗೆ ಸಭೆಯು ದಿನಚರಿ. ಆಳದ ದೊರೆಗೆ ಅದು ವಾದ. ದತ್ತಸ್ವೀಕಾರವನ್ನು ಕುಂಪಣಿಯ ಉತ್ತರಾಧಿಕಾರಿಗಳು ಒಪ್ಪುವರೋ ಇಲ್ಲವೋ ಎಂಬ ಸಂಶಯದಲ್ಲಿದ್ದ ವೃದ್ಧರಾಜರು, ಇಂಗ್ಲೆಂಡಿಗೆ ಬರೆಯುತ್ತಿದ್ದ ಅರ್ಜಿಗಳಲ್ಲಿ ಹೇಳುತ್ತಿದ್ದುದನ್ನೇ ಗೋಡೆಗಳ ಮೇಲೂ ಹೇಳಿಸಿದರೆಂದು ತೋರುತ್ತದೆ. 1868ರಲ್ಲಿ ಅವರು ತೀರಿಕೊಳ್ಳುವುದಕ್ಕೆ ಮುಂಚೆ ದತ್ತಕವು ಅಂಗೀಕೃತವಾಯಿತು. 1881ರಲ್ಲಿ ರಾಜ್ಯವು ಚಾಮರಾಜೇಂದ್ರ ಒಡೆಯರವರಿಗೆ ಮರಳಿತು.

ಅದೇ ಜಗನ್ಮೋಹನ ಅರಮನೆಯಲ್ಲಿ ಇನ್ನೊಂದು ಸಭೆಯಿದೆ. ಅದು ಗೋಡೆಯ ಮೇಲೆ ಬರೆದುದಲ್ಲ, ಎಣ್ಣೆಯ ಬಣ್ಣದಲ್ಲಿ ಬಟ್ಟೆಯ ಮೇಲೆ ಬರೆದುದು. ರಾಜಾ ರವಿವರ್ಮನು 1889ರ ಸುಮಾರಿಗೆ ಮೈಸೂರಿನ ಆಸ್ಥಾನಕ್ಕಾಗಿ ಬರೆದ ಆ ಚಿತ್ರದಲ್ಲಿ ಭರತಖಂಡದ ನಾನಾ ಪ್ರಾಂತಗಳ ಹನ್ನೊಂದು ಮಂದಿ ಸ್ತ್ರೀಯರು, ಆಯಾ ದೇಶದ ಉಡುಪಿನಲ್ಲಿ, ವಾದ್ಯಗಳೊಡನೆ ಒಟ್ಟಿಗೆ ಸೇರಿರುವರು. ಹಳೆಯ ಭಿತ್ತಿಯಲ್ಲಿ ಒಡೆಯನು ದೊಡ್ಡವನು, ಹಾಡುವವರು ಚಿಕ್ಕವರು. ಇಲ್ಲಿ ಒಡೆಯನೇ ಇಲ್ಲ! ಲೋಡಿಲ್ಲ, ಚಾಮರವಿಲ್ಲ; ಸಂಗೀತವನ್ನು ಕೇಳುವವನ ಸ್ಥಾನದಲ್ಲಿ ನಿಂತಿರುವವನು ಚಿತ್ರವನ್ನು ನೋಡುವವನು. ಆದರೂ ಹೆಸರಿನ ವಿಷಯದಲ್ಲಿ ರವಿವರ್ಮನೂ ಹಳಬರಿಗಿಂತ ಮುಂದೆ ಹೋಗಲಿಲ್ಲ. ಆ ಹನ್ನೊಂದು ಮಂದಿಯೂ ಪ್ರಾಂತಗಳ ಪ್ರತಿನಿಧಿಗಳೇ ಹೊರತು ಹೆಸರುಳ್ಳವರಲ್ಲ.

ಹೆಸರಿಲ್ಲದಿರುವುದು ಸಣ್ಣ ಮಾತಲ್ಲ. ಸೀಬಿಯಲ್ಲಿ ಕಟ್ಟಿಸಿದವರ ಹೆಸರು ಉಳಿದಿದೆ, ಸಭೆಗಳ ಒಡೆಯರ ಹೆಸರು ಉಳಿದಿದೆ. ಯಾರ ಗೆಜ್ಜೆಯಿಂದ ಅಂದಿನ ಸಭೆಗಳು ಕಳೆಗಟ್ಟಿದವೋ ಅವರ ಹೆಸರುಗಳನ್ನು ಹೇಳುವವರಿಲ್ಲ. ಮೈಸೂರು ಸರ್ಕಾರವು 1909ರಲ್ಲಿ ದೇವಸ್ಥಾನಗಳಲ್ಲಿ ದೇವದಾಸಿಯರ ಸೇವೆಯನ್ನು ನಿಲ್ಲಿಸಿತು. ಆ ಸುಧಾರಣೆ ಅವಶ್ಯಕವಾಗಿತ್ತು. ಆದರೆ ಅದರೊಡನೆ ಆ ಮನೆತನಗಳ ವಿದ್ಯೆಯ ನೆನಪೂ ಬಹುಮಟ್ಟಿಗೆ ಹೋಯಿತು. ಅವರು ನಿಂತ ಭಂಗಿ, ಉಟ್ಟ ರೀತಿ, ಹಿಮ್ಮೇಳದವರು ಹಿಡಿದ ವಾದ್ಯ ಇವುಗಳಿಗೆ ಇಂತಹ ಚಿತ್ರಗಳ ಹೊರತು ಬೇರೆ ಸಾಕ್ಷಿಗಳು ವಿರಳ. ಸುಣ್ಣದ ಗಾರೆಯ ಮೇಲೆ ರೇಖೆಯೆಳೆದು, ಕಲ್ಲು ಮಣ್ಣುಗಳಿಂದಲೂ ದೀಪದ ಕಾಡಿಗೆಯಿಂದಲೂ ಬಣ್ಣ ಮಾಡಿ, ಮಂಚಿಗೆಯ ಮೇಲೆ ಕತ್ತು ಹಿಂದಕ್ಕೆ ಬಾಗಿಸಿ ಬರೆದ ಚಿತ್ರಗಾರನೂ ಅವರ ಹಾಗೆಯೇ ಹೆಸರಿಲ್ಲದವನು.

ಗೋಡೆಗಳ ಕಾಲ ಮುಗಿದ ಮೇಲೆ ಒಡ್ಡೋಲಗವು ಪರದೆಯ ಮೇಲೆ ಬಂದಿತು. 1884ರಲ್ಲಿ ಸ್ಥಾಪಿತವಾದ ಗುಬ್ಬಿ ಚನ್ನಬಸವೇಶ್ವರ ನಾಟಕ ಕಂಪನಿಯ ಕಾಲದಲ್ಲಿ ಯಾವ ನಾಟಕ ಮಂಡಳಿಗಾದರೂ ದರ್ಬಾರಿನ ಪರದೆಯೊಂದು ಇಲ್ಲದಿದ್ದರೆ ಸಾಗುತ್ತಿರಲಿಲ್ಲ. ಕಂಬಗಳ ಸಾಲು, ಝೂಲರು, ಮಖಮಲ್ಲಿನ ತೆರೆ ಇವೆಲ್ಲವನ್ನೂ ಬಟ್ಟೆಯ ಮೇಲೆ ಬರೆದು, ಮುಂದೆ ಸಿಂಹಾಸನವನ್ನಿಟ್ಟರೆ ಅದೇ ಹಸ್ತಿನಾವತಿ. ಅರಮನೆಯ ಬಾಗಿಲಲ್ಲಿ ಕಾಲಿಡಲಾಗದ ರೈತನೂ ವ್ಯಾಪಾರಿಯೂ ಕೆಲವು ಆಣೆಗಳನ್ನು ಕೊಟ್ಟು ರಾಜಸಭೆಯ ಎದುರಿಗೆ ಕುಳಿತರು. ಅಲ್ಲಿ ಎದ್ದುಹೋಗಲೂ ಅವರಿಗೆ ಸ್ವಾತಂತ್ರ್ಯವಿದ್ದಿತು. ನಿಜವಾದ ಸಭೆಯಲ್ಲಿ ಅದಿರಲಿಲ್ಲ.

ಮೈಸೂರಿನ ಹಳೆಯ ಮರದ ಅರಮನೆಯು 1897ರಲ್ಲಿ ವಿವಾಹಸಮಾರಂಭದ ಕಾಲದಲ್ಲಿ ಬೆಂಕಿಗೆ ಆಹುತಿಯಾಗಿ, ಹೊಸದು 1912ರಲ್ಲಿ ಪೂರೈಸಿತು. ಅದರ ಕಲ್ಯಾಣಮಂಟಪದ ಸುತ್ತ ಇಪ್ಪತ್ತಾರು ಫಲಕಗಳಲ್ಲಿ ದಸರೆಯ ಮೆರವಣಿಗೆಯನ್ನೂ ಇತರ ಉತ್ಸವಗಳನ್ನೂ ಬರೆದಿರುವರು. 1934ರಿಂದ ಸುಮಾರು ಹತ್ತು ವರ್ಷ ನಡೆದ ಈ ಕೆಲಸದಲ್ಲಿ ಛಾಯಾಚಿತ್ರಗಳನ್ನು ಮುಂದಿಟ್ಟುಕೊಂಡು, ಒಬ್ಬೊಬ್ಬ ಅಧಿಕಾರಿಯ ಮುಖವನ್ನೂ ಗುರುತು ಸಿಕ್ಕುವಂತೆ ಬರೆದಿದ್ದಾರೆ, ವೈ. ಸುಬ್ರಹ್ಮಣ್ಯರಾಜು, ಕೇಶವಯ್ಯ ಮೊದಲಾದ ಚಿತ್ರಕಾರರ ಹೆಸರುಗಳೂ ಉಳಿದಿವೆ. ಟಿಪ್ಪುವಿನ ಕಾಲದಿಂದ ಕುದುರೆಯ ತಳಿಗೆ ಪ್ರಸಿದ್ಧವಾದ ಕುಣಿಗಲಿನವರು ಅಲ್ಲಿನ ಅಶ್ವಗಳನ್ನು ನೋಡಿ ಗುಣದೋಷಗಳನ್ನು ಹೇಳಬಹುದು. ಸೋಮೇಶ್ವರನ ಮಾತಿನಲ್ಲಿ ಇದು ಪೂರ್ಣವಾಗಿ ವಿದ್ಧಚಿತ್ರ. ಸಾದೃಶ್ಯವು ಅಪಾರ, ಸಭೆಯ ಬಿಸಿ ಮಾತ್ರ ಸ್ವಲ್ಪ ಆರಿದಂತೆ ಕಾಣುವುದು. ಛಾಯಾಯಂತ್ರದ ಮುಂದೆ ನಿಂತವರು ಛಾಯಾಯಂತ್ರದ ಮುಂದೆ ನಿಂತವರಂತೆಯೇ ಇದ್ದಾರೆ.

ಅರಮನೆಗಳ ಚಿತ್ರಗಳಿಗೆ ಕಾವಲಿದೆ. ದರಿಯಾ ದೌಲತ್ತು 1959ರಿಂದ ವಸ್ತುಸಂಗ್ರಹಾಲಯವಾಗಿದೆ. ಸೀಬಿಯಲ್ಲಿ ಪೂಜೆ ನಡೆಯುವುದರಿಂದ ದೀಪದ ಹೊಗೆಯೂ ಮಳೆಗಾಲದ ತೇವವೂ ತಪ್ಪಿದ್ದಲ್ಲ; ಬಣ್ಣವು ಹಲವು ಕಡೆ ಮಾಸಿದೆ. ಅಂಕಣ ಅಂಕಣವಾಗಿ ನಿಧಾನವಾದ ಬೆಳಕಿನಲ್ಲಿ ಛಾಯಾಚಿತ್ರ ತೆಗೆಯಿಸಿ, ಯಾವ ಸಭೆಯಲ್ಲಿ ಎಷ್ಟು ಮಂದಿ, ಯಾರ ಕೈಯಲ್ಲಿ ಯಾವ ವಾದ್ಯ ಎಂಬುದನ್ನು ಪಟ್ಟಿಮಾಡಿ, ತುಮಕೂರಿನಲ್ಲಿ ಒಂದು ಪ್ರತಿಯನ್ನಿಡುವುದು ಜಿಲ್ಲೆಯ ವಿದ್ಯಾವಂತರಿಗೆ ಅಸಾಧ್ಯವಾದ ಕೆಲಸವಲ್ಲ. ಜೀರ್ಣೋದ್ಧಾರವೆಂಬ ಹೆಸರಿನಲ್ಲಿ ಹೊಸ ಬಣ್ಣ ಬಳಿಯುವ ಉತ್ಸಾಹಕ್ಕೆ ಮುಂಚೆಯೇ ಅದು ಆಗತಕ್ಕದ್ದು. ಡಾಲ್‌ಹೌಸಿಗೆ ಪೊಳ್ಳಿಲೂರಿನ ಗೋಡೆಯನ್ನು ನೆನಪಿಟ್ಟುಕೊಂಡಿದ್ದ ಚಿತ್ರಗಾರನೊಬ್ಬನು ದೊರೆತನು. ಸೀಬಿಯ ಭುವನೇಶ್ವರಿಯಲ್ಲಿ ಹೈದರನ ಎದುರಿಗೆ ಯಾರು ಯಾರು ಎಲ್ಲೆಲ್ಲಿ ನಿಂತಿದ್ದರೆಂದು ನೆನಪಿನಿಂದ ಬರೆಯಬಲ್ಲವನನ್ನು ಈಗ ಯಾವ ಊರಿನಿಂದಲೂ ಕರೆಸುವಂತಿಲ್ಲ.